ತಿಕ್ಕಿದರೂ ಹೋಗದ ಗೆರೆ

ಇಳಕಲ್ಲ,
ಜೂನ್ ೨೩, ರವಿವಾರ

ಕೆರೂರಿನ ಪಡಸಾಲೆಯಲ್ಲಿ ನೆರೆದಿರುವ ಮಹಾಸಭೆಯೇ, ಯಾರೂ ಕೇಳದಿದ್ದರೂ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ನನ್ನ ತಂಗಿ ಶ್ರೀಮತಿ ಸಿದ್ದವ್ವನವರೇ, ಮುಖ್ಯ ಅತಿಥಿಗಳಾಗಿ ಬಂದು ಈಗಾಗಲೇ ತೂಕಡಿಸುತ್ತಿರುವ ಆಕೆಯ ಯಜಮಾನರಾದ ಹುಲ್ಲಪ್ಪನವರೇ, ಕಿಟಕಿಯಾಚೆ ನಿಂತು ಮೆಲುಕು ಹಾಕುತ್ತಿರುವ ಎಮ್ಮೆಯೇ, ಮತ್ತು ಇವರೆಲ್ಲರಿಗೂ ಬೆನ್ನು ಮಾಡಿ ಗೋಡೆ ನೋಡುತ್ತ ಕುಳಿತಿರುವ ನನ್ನ ಏಕೈಕ ಶ್ರೋತೃವೇ,

ಈ ಬಡ ಭಾಷಣಕಾರ ತಮ್ಮ ಅಮೂಲ್ಯ ವೇಳೆಯನ್ನು ಹಾಳು ಮಾಡಲು ಬಂದವನಲ್ಲ. ಹಾಳಾದದ್ದು ಆಗಲೇ ಸಾಕಷ್ಟಿದೆ. ಎರಡು ಮಾತು ಆಡಿ, ಮೂರನೆಯದನ್ನು ನುಂಗಿ, ನನ್ನ ಸ್ಥಾನಕ್ಕೆ ಮರಳುತ್ತೇನೆ.

ಪ್ರೀತಿಯ ವಿದ್ಯಾ, ಇಲ್ಲಿ ನೀನು ಚಪ್ಪಾಳೆ ತಟ್ಟಬೇಕಿತ್ತು. ಐದು ವರ್ಷದವಳಿದ್ದಾಗ ನಮ್ಮ ಪ್ರೆಸ್ಸಿನಲ್ಲಿ ಕಾಗದದ ಗಂಟುಗಳ ಮೇಲೆ ಕಾಲು ಇಳಿಬಿಟ್ಟು ಕುಳಿತು, ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೋ ಅಲ್ಲೆಲ್ಲ ತಟ್ಟುತ್ತಿದ್ದೆ. ಇಳಕಲ್ಲಿನಲ್ಲಿ ಯಾವ ಸತ್ಕಾರ, ಯಾವ ಗ್ಯಾದರಿಂಗ್ ಇದ್ದರೂ ನಿರೂಪಣೆಗೆ ನನ್ನನ್ನೇ ಕರೆಯುತ್ತಾರೆ, ಆದರೆ ಅಂಥ ಸಭೆ ನನಗೆ ಮತ್ತೆ ಸಿಕ್ಕಿಲ್ಲ.

ಮೈಯಲ್ಲಿ ಹೇಗಿದ್ದೀ? ನಿದ್ದೆ ಬರುತ್ತದೆಯೇ? ಊಟದ ಬಗ್ಗೆ ಕೇಳುವುದಿಲ್ಲ, ಏಕೆಂದರೆ ಉತ್ತರ ಗೊತ್ತಿದೆ. ಮೊನ್ನೆ ಸಿದ್ದವ್ವ ಅತ್ತೆ ಫೋನಿನಲ್ಲಿ ಹೇಳಿದಳು: “ಅಣ್ಣಾ, ಹುಡುಗಿ ಅರ್ಧಾ ರೊಟ್ಟಿ ತಿಂದು ಅರ್ಧಾ ನಾಯಿಗೆ ಹಾಕತೈತಿ. ನಾಯಿ ದಪ್ಪ ಆಗೇತಿ, ಹುಡುಗಿ ಇದ್ದಂಗs ಐತಿ.” ನಗಬೇಕೆಂದುಕೊಂಡೆ, ಆಗಲಿಲ್ಲ. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಎಂದುಕೋ. ನಿನ್ನ ಆಯಿ, ಅಂದರೆ ನಮ್ಮವ್ವನ, ಮೊಣಕಾಲು ಹಾಗೇ ಇದೆ. ಎರಡು ಮಳೆ ಬಂತು, ಗಟಾರಕ್ಕೆ ಕಳೆ ಬಂತು. ನೋಡು, ಪ್ರಾಸ ತಾನೇ ಬಂದು ಕೂತಿತು, ನಾನು ಕರೆದಿರಲಿಲ್ಲ. ನಿನ್ನ ಫೋನು ನೀನು ಬಂದ್ ಮಾಡಿ ಅವ್ವನ ಕೈಗೆ ಕೊಟ್ಟು ಹೋದ ಹಾಗೆಯೇ ಕಪಾಟಿನಲ್ಲಿದೆ, ಯಾರೂ ಮುಟ್ಟಿಲ್ಲ. ಅತ್ತೆಯ ಫೋನಿಗೆ ಬಾ ಎಂದರೆ ನೀನು ಬರುವುದಿಲ್ಲ. ಅದಕ್ಕೇ ಈ ಕಾಗದ. ಹಿಂಬದಿಗೆ ಯಾರದೋ ಲಗ್ನದ ಮುಹೂರ್ತ ಕಂಡರೆ ಗಾಬರಿಯಾಗಬೇಡ, ಅಚ್ಚು ಕೆಟ್ಟ ಪ್ರತಿಗಳು. ನಾನು ಏನೇ ಬರೆದರೂ ಇಂಥವುಗಳ ಬೆನ್ನ ಮೇಲೆಯೇ ಎಂಬುದು ನಿನಗೆ ಗೊತ್ತಿದ್ದದ್ದೇ.

ಈಗ ಸುದ್ದಿ. ಗುರುವಾರ ಬಾಗಲಕೋಟೆಗೆ ಹೋಗಿ ನಿನ್ನ ರಿಪೋರ್ಟ್ ತಂದೆ. ಅದರಲ್ಲಿ ಏನಿದೆ ಎಂದು ಹೇಳುವ ಮೊದಲು, ಮನೆಗೆ ತಂದು ಓದಿದಾಗ ಏನಾಯಿತು ಎಂದು ಹೇಳುತ್ತೇನೆ. ನಿನ್ನ ಅವ್ವ ಪೂರ್ತಿ ಕೇಳಿದಳು. ಎದ್ದು ಬಚ್ಚಲಿಗೆ ಹೋಗಿ, ಹಿಮ್ಮಡಿ ತಿಕ್ಕುವ ಕಲ್ಲಿತ್ತಲ್ಲ, ಅದನ್ನು ತಂದು ಹಿತ್ತಲಾಚೆಯ ಗಟಾರಕ್ಕೆ ಎಸೆದಳು. ಸಂಜೆ ತಾನೇ ಹೋಗಿ, ಕೋಲಿನಿಂದ ಕೆದಕಿ, ಅದನ್ನು ಮತ್ತೆ ಎತ್ತಿ ತಂದು ತೊಳೆದು ಇಟ್ಟಳು. ಯಾಕೆ ಮಲ್ಲಮ್ಮಾ ಎಂದರೆ, “ಇರ್ಲಿ ಮನ್ಯಾಗ. ನೋಡಿದಾಗೊಮ್ಮೆ ನನಗ ನೆನಪ ಆಗ್ಬೇಕು” ಎಂದಳು.

ಆ ಕಲ್ಲು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಎಂಟನೆಯ ಇಯತ್ತೆಯಲ್ಲಿದ್ದಾಗ ನಿನ್ನ ಕೊರಳ ಸುತ್ತ ಆ ಕರಿ ಗೆರೆ ಮೂಡಿತು. ಮೊದಲು ಹಿಂದುಗಡೆ ಮಾತ್ರ ಇತ್ತು, ಆಮೇಲೆ ಮುಂದಕ್ಕೂ ಬಂದು ಕೂಡಿಕೊಂಡಿತು. ಮೈ ತೂಕವೂ ಆಗಿನಿಂದಲೇ ಏರಿದ್ದು. ತೂಕದ ಬಗ್ಗೆ ನಮ್ಮ ಮನೆಯಲ್ಲಿ ಮೊದಲು ಜಂಬವೇ ಇತ್ತು. “ನಮ್ಮ ಕೂಸಿನ ಕೈ ನೋಡ್ರಿ, ಬೆಣ್ಣಿ ಮುದ್ದಿ” ಎಂದು ಆಯಿ ಓಣಿಗೆಲ್ಲ ತೋರಿಸುತ್ತಿದ್ದಳು. ಅದೇ ಕೈ ಹದಿಮೂರಕ್ಕೆ ಬಂದಾಗ ಅದೇ ಬಾಯಿ ಬೇರೆ ಮಾತಾಡಿತು. ಗೆರೆಯನ್ನಂತೂ ಎಲ್ಲರೂ ಕೊಳೆ ಎಂದೇ ತಿಳಿದೆವು. ಪ್ರತಿ ರವಿವಾರ ತಲೆ ಎರೆಯುವಾಗ ಅವ್ವ ಕಡಲೆ ಹಿಟ್ಟು ಹಚ್ಚಿದಳು, ಲಿಂಬೆ ಸಿಪ್ಪೆ ಉಜ್ಜಿದಳು, ಒಮ್ಮೆ ಪಾತ್ರೆ ತಿಕ್ಕುವ ಪುಡಿಯೂ ಆಯಿತು, ಕೊನೆಗೆ ಈ ಕಲ್ಲು. “ಹದಿನೈದ ವರ್ಷದ ಹುಡುಗಿ, ಒಂದ್ ಕುತಗಿ ತಿಕ್ಕೊಳ್ಳಾಕ ಬರಂಗಿಲ್ಲೇನ ನಿನಗ?” ನೀನು ಮೊಣಕಾಲ ಮೇಲೆ ಗದ್ದವಿಟ್ಟು ಕುಳಿತಿರುತ್ತಿದ್ದೆ. ರಕ್ತ ಒಸರಿದ ದಿನ ಕೊಬ್ಬರಿ ಎಣ್ಣೆ, ಮರುವಾರ ಮತ್ತೆ ಕಲ್ಲು. ನಾನು ಹೊರಗೆ ಹಗ್ಗ ಹೆಣೆದ ಬಾಜಿನ ಮೇಲೆ ಪೇಪರು ಹಿಡಿದು ಕುಳಿತಿರುತ್ತಿದ್ದೆ. ನಾನು ನಗುತ್ತಿದ್ದದ್ದೂ ನಿನಗೆ ನೆನಪಿರಬಹುದು.

ರಿಪೋರ್ಟ್ ತರಲು ಹೋದಾಗ ನನಗೆ ಮೊದಲು ನೆನಪಾದದ್ದು ಎರಡು ವಾರದ ಹಿಂದೆ ರಕ್ತ ಕೊಡಲು ಬಂದಾಗ ಕೂತಿದ್ದ ಆ ಬೆಂಚು. ಅತ್ತೆ ನಿನ್ನನ್ನು ಕೆರೂರಿನಿಂದ ಕರೆತಂದಿದ್ದಳು, ನಾನು ಅವ್ವ ಇಲ್ಲಿಂದ ಬಂದಿದ್ದೆವು. ನೀನು ಬೆಂಚಿನ ಆ ತುದಿಗೆ, ನಾನು ಈ ತುದಿಗೆ, ನಡುವೆ ಅತ್ತೆಯ ಬುತ್ತಿ ಚೀಲ. ಐದು ವಾರದ ಮೇಲೆ ನೋಡಿದ್ದೆ ನಿನ್ನನ್ನು. ಕೊರಳಿಗೆ ಆ ಬಿಸಿಲಲ್ಲೂ ದುಪ್ಪಟ್ಟಾ ಎರಡು ಸುತ್ತು ಬಿಗಿದಿದ್ದೆ. ರಕ್ತ ತೆಗೆಯುವ ಹುಡುಗ, “ದುಪ್ಪಟ್ಟಾ ಸರಸ ತಂಗಿ, ಸೆಕಿ ಆಗತೈತಿ” ಎಂದಾಗ ನೀನು ನನ್ನ ಕಡೆ ಒಂದು ಸಲ ನೋಡಿದೆ. ಅವತ್ತು ನೀನು ನೋಡಿದ್ದು ಅಷ್ಟೇ.

ಡಾಕ್ಟರಬಾಯಿ ಒಳ್ಳೆಯವರು, ನಮ್ಮ ಕಡೆಯವರೇ ಇರಬೇಕು, ಮಾತು ಹಾಗಿತ್ತು. ನಾನೊಬ್ಬನೇ ಹೋಗಿದ್ದಕ್ಕೆ ಮುಖ ಸಣ್ಣ ಮಾಡಿದರು. ಗೆರೆಯ ಮಾತೇ ಮೊದಲು ತೆಗೆದರು. “ಅದು ಹೊಲಸ ಅಲ್ರಿ. ಯಾರ ತಿಕ್ಕ್ಯಾರ ಅದನ್ನ? ಒಳಗಿನ ಸುದ್ದಿ ಹೊರಗ ಚೀಟಿ ಬರದಂಗ ಅದು. ನೀವು ಚೀಟಿ ಓದೂದ ಬಿಟ್ಟು ಅಳಸಾಕ ಹತ್ತೀರಿ.” ನಾನು ಕನ್ನಡ ಎಂ.ಎ. ಮಾಡಲು ಹೋಗಿ ಬಿ.ಎ.ಗೆ ನಿಂತವನು, ಇಪ್ಪತ್ತು ವರ್ಷದಿಂದ ಅಕ್ಷರ ಜೋಡಿಸಿ ಹೊಟ್ಟೆ ಹೊರೆದವನು. ನನಗೆ ಆ ಒಂದು ಸಾಲು ಓದಲು ಬರಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಭಾಷೆಗೆ, ಅಂದರೆ ಲಗ್ನಪತ್ರಿಕೆಯ ಭಾಷೆಗೆ, ತಿರುಗಿಸಿ ಹೇಳುತ್ತೇನೆ. ನಾವು ತಿಂದದ್ದು ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ರಕ್ತ ಓಣಿ ಇದ್ದ ಹಾಗೆ, ಸಕ್ಕರೆ ಬಂದಿಳಿದ ಬೀಗರು, ಮೈಯಲ್ಲಿರುವ ಕೋಟಿ ಕೋಟಿ ಜೀವಕೋಶಗಳು ಮನೆಗಳು. ಬೀಗರು ತಾವಾಗಿ ಒಳಗೆ ನುಗ್ಗುವಂತಿಲ್ಲ. ಇನ್ಸುಲಿನ್ ಎಂಬ ಒಬ್ಬ ಮುಂದೆ ಹೋಗಿ ಬಾಗಿಲು ಬಡಿದು, ಬೀಗರು ಬಂದಿದ್ದಾರೆ ತೆಗೆಯಿರಿ ಎನ್ನಬೇಕು. ನಿನ್ನ ಮೈಯಲ್ಲಿ ಏನಾಗಿದೆ ಎಂದರೆ, ಮನೆಗಳು ಆತನ ಕೂಗಿಗೆ ಕಿವುಡಾಗಿವೆ. ಒಂದು ಕೂಗಿಗೆ ತೆಗೆಯುತ್ತಿದ್ದ ಬಾಗಿಲು ಈಗ ಮೂರು ಕೂಗಿಗೂ ಅರ್ಧ ತೆರೆಯುತ್ತದೆ. ಹಾಗಾಗಿ ಹೊಟ್ಟೆಯೊಳಗಿನ ಮೇದೋಜ್ಜೀರಕ ಗ್ರಂಥಿ (ಹತ್ತನೆಯ ಇಯತ್ತೆಯಲ್ಲಿ ಈ ಹೆಸರನ್ನು ಹತ್ತು ಸಲ ಬರೆಸಿದ್ದರು, ಇವತ್ತು ಕೆಲಸಕ್ಕೆ ಬಂತು) ಒಬ್ಬನ ಬದಲು ನಾಲ್ಕು ಜನರನ್ನು ಕಳಿಸುತ್ತದೆ. ಹೇಗೋ ತಳ್ಳಿ ನೂಕಿ ಓಣಿ ಖಾಲಿ ಮಾಡಿಸುತ್ತಾರೆ. ಅದಕ್ಕೇ ಎರಡು ವರ್ಷದ ಹಿಂದೆ ನಾವು ಇಲ್ಲಿ ತೋರಿಸಿದಾಗ ಸಕ್ಕರೆ ನಾರ್ಮಲ್ ಎಂದು ಬಂದದ್ದು, ಕಡಿಮೆ ತಿನ್ನಲಿ ಎಂದು ಹೇಳಿ ಕಳಿಸಿದ್ದು. ಓಣಿಯಲ್ಲಿ ಬೀಗರೆಷ್ಟು ಎಂದು ಎಣಿಸಿದರು, ಬಾಗಿಲು ಬಡಿಯುವವರೆಷ್ಟು ಎಂದು ಎಣಿಸಲಿಲ್ಲ. ಈಗ ಎಣಿಸಿದ್ದಾರೆ. ಇರಬೇಕಾದದ್ದಕ್ಕಿಂತ ನಾಲ್ಕು ಪಟ್ಟು. ಅವರ ಗದ್ದಲವೇ ಕುತ್ತಿಗೆಯ ಚರ್ಮಕ್ಕೆ ಮುಟ್ಟಿ ಅದು ದಪ್ಪವಾಗಿ ಕಪ್ಪಾಗಿದೆ.

ಮುಂದಿನದನ್ನು ನಿಧಾನ ಓದು, ಯಾಕೆಂದರೆ ಇದು ನಿನಗೆ ನಾವು ಕೊಡಬೇಕಾದ ಉತ್ತರ. ಕೊಬ್ಬಿನ ಕೋಣೆಯ ಬೀಗದ ಕೈಯೂ ಈ ಇನ್ಸುಲಿನ್ ಕೈಯಲ್ಲೇ ಇದೆಯಂತೆ. ಆತ ಓಣಿಯಲ್ಲಿ ತಿರುಗಾಡುತ್ತಿರುವಷ್ಟು ಹೊತ್ತು ಆ ಕೋಣೆಯಿಂದ ಏನೂ ಹೊರಗೆ ಬರುವುದಿಲ್ಲ, ಒಳಗೆ ಮಾತ್ರ ಹೋಗುತ್ತದೆ. ನಿನ್ನ ಮೈಯಲ್ಲಿ ಆತ ಹಗಲೂ ರಾತ್ರಿ ತಿರುಗುತ್ತಿದ್ದಾನೆ. ಕೋಣೆ ತುಂಬಿ ಹಿಡಿಸದಾದಾಗ ಉಳಿದದ್ದು ಲಿವರಿಗೆ ಹೋಗಿ ಕೂತಿದೆ. ಸ್ಕ್ಯಾನಿನಲ್ಲಿ ಅದು ಬೆಳ್ಳಗೆ ಕಾಣುತ್ತದೆ, ಡಾಕ್ಟರಬಾಯಿ ತೋರಿಸಿದರು. ಇಷ್ಟು ಕೂಡಿಟ್ಟಿದ್ದರೂ ಮನೆಗಳೊಳಗೆ ಒಲೆ ಹೊತ್ತುವುದಿಲ್ಲ. ಅದಕ್ಕೇ ಹಸಿವು, ಅದಕ್ಕೇ ಊಟವಾದ ಕೂಡಲೇ ನಿದ್ದೆ, ಅದಕ್ಕೇ ಸಾಲಿಯಿಂದ ಬಂದು ನೀನು ಚೀಲ ಕೂಡ ತೆಗೆಯದೆ ಗೋಡೆಗೆ ಒರಗುತ್ತಿದ್ದದ್ದು. ನಾವು ಅದಕ್ಕೆ ಮೈಗಳ್ಳತನ ಎಂದು ಹೆಸರಿಟ್ಟಿದ್ದೆವು. “ಅವ್ವಾ, ನಾ ಖರೇನ ಕಡಿಮಿ ತಿನ್ನಾಕತ್ತೇನಿ” ಎಂದು ನೀನು ಹೇಳುತ್ತಿದ್ದೆ. ಹೌದು ನನ್ನವ್ವಾ, ನೀನು ಹೇಳಿದ್ದು ಖರೆ. ಒಂದು ಮಾತೂ ಸುಳ್ಳಿರಲಿಲ್ಲ. ಇದಿಷ್ಟು ಸರಳವೂ ಅಲ್ಲ ಎಂದು ಡಾಕ್ಟರಬಾಯಿ ಹೇಳಿದರು, ಆದರೆ ಹುಡುಗಿಯದೊಂದೇ ತಪ್ಪು ಅಂತ ತಿಳಿಯಬೇಡಿ ಎಂದು ಎರಡು ಸಲ ಹೇಳಿದರು.

ತಪ್ಪಿನ ಮಾತು ಬಂತು. ದೀಪಾವಳಿಯ ಅಮೀನಗಡ ಕರದಂಟಿನ ಡಬ್ಬಿ ನೆನಪಿದೆಯಾ? ತಂದ ಮೂರನೆಯ ದಿನಕ್ಕೆ ಅರ್ಧ ಖಾಲಿ. ಅವ್ವ ನಿನ್ನ ಸಾಲಿ ಚೀಲವನ್ನು ನೆಲಕ್ಕೆ ಸುರಿದಳು, ಆಯಿ ನಿನ್ನ ಹಾಸಿಗೆ ಕೊಡವಿದಳು. “ಹಸಿವಾದ್ರ ಕೇಳಿ ತಿನ್ನು, ಕದ್ದ್ ಯಾಕ ತಿಂತಿ?” ನೀನು ಆಣೆ ಮಾಡಿದೆ, ಯಾರೂ ನಂಬಲಿಲ್ಲ, ಊಟ ಮಾಡದೆ ಮಲಗಿದೆ. ಅದನ್ನು ತಿಂದವನು ನಾನು. ಪ್ರೆಸ್ಸಿಗೆ ಹೋಗುವಾಗ ಎರಡು, ಬಂದಾಗ ಎರಡು. ಅವ್ವ ನಿನ್ನನ್ನು ಬೈಯುವಾಗ ನಾನು ಅಲ್ಲೇ ಇದ್ದೆ, ಹಲ್ಲಿನ ಸಂದಿಯಲ್ಲಿ ಅಂಟು ಇನ್ನೂ ಇತ್ತು. ಮೊನ್ನೆ ಇದನ್ನು ಮನೆಯಲ್ಲಿ ಒಪ್ಪಿಕೊಂಡೆ. ಆಯಿ ನನ್ನ ಮುಖ ನೋಡಿ, “ನಿಮ್ಮಪ್ಪನೂ ಹಂಗs ಇದ್ದ” ಎಂದಳು. ಇದನ್ನು ಬರೆದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ನಿಮ್ಮಪ್ಪ ಎಂದು ಆಯಿ ಅಂದದ್ದಕ್ಕೆ ಕಾರಣವಿದೆ. ಡಾಕ್ಟರಬಾಯಿ ಕೇಳಿದರು: “ಮನ್ಯಾಗ ಯಾರಿಗರೆ ಸಕ್ಕರಿ ಬ್ಯಾನಿ ಐತೇನ್ರಿ?” ನಮ್ಮಪ್ಪನಿಗಿತ್ತು ಎಂದೆ. ನಿನ್ನ ಮುತ್ಯಾನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು, ನೀನು ಹುಟ್ಟುವ ಮುಂಚೆ. ಫೋಟೋದಲ್ಲಿ ಶಾಲು ಹೊದಿಸಿ ಕೂರಿಸಿರುವುದು ಅದಕ್ಕೇ. ಅವರು ಸುಮ್ಮನೆ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, “ನಿಮ್ಮ ಕಾಲರ್ ಸ್ವಲ್ಪ ಸರಸರಿ” ಎಂದರು. ನಾನು ನಗುತ್ತ, ನಾನಲ್ಲರೀ ಪೇಶಂಟ್, ನನ್ನ ಮಗಳು ಎಂದೆ. “ಸರಸರಿ” ಎಂದರು ಮತ್ತೆ. ಸರಿಸಿದೆ. ಕನ್ನಡಿಯಲ್ಲಿ ಯಾರೂ ತಮ್ಮ ಕುತ್ತಿಗೆಯ ಹಿಂಭಾಗ ನೋಡಿಕೊಳ್ಳುವುದಿಲ್ಲ ವಿದ್ಯಾ. ಇಪ್ಪತ್ತು ವರ್ಷ ಕಾಲರಿನ ಅಂಗಿ ಹಾಕಿಕೊಂಡು ತಿರುಗಿದವನ ಕುತ್ತಿಗೆಯನ್ನು ಬೇರೆಯವರೂ ನೋಡುವುದಿಲ್ಲ. ಅಲ್ಲಿಯೂ ಅದೇ ಗೆರೆ ಇದೆಯಂತೆ, ನಿನ್ನದಕ್ಕಿಂತ ದಪ್ಪ, ನಿನ್ನದಕ್ಕಿಂತ ಹಳೆಯದು. ಬೆರಳು ಚುಚ್ಚಿ ನೋಡಿದರು. ನಿನ್ನದು ಇನ್ನೂ ಗಡಿ ದಾಟಿಲ್ಲ, ಗಡಿಯ ಮೇಲೆ ನಿಂತಿದೆ. ನಾನು ದಾಟಿ ಯಾವ ಕಾಲವಾಯಿತೋ. ನಿನ್ನ ಕೊರಳಿಗೆ ಬಿದ್ದದ್ದು ನಮ್ಮ ಮನೆತನದ ಸರ, ನನ್ನ ಕಡೆಯಿಂದ ಬಂದದ್ದು. ಅದನ್ನು ಎರಡು ವರ್ಷ ತಿಕ್ಕಿಸಿದೆವು, ಕೊನೆಗೆ ಕಲ್ಲಿನಿಂದ.

ಹಿಂತಿರುಗುವಾಗ ಬಸ್ಸಿನಲ್ಲಿ ಹುನಗುಂದ ದಾಟುವವರೆಗೂ ಕಾಲರ್ ಏರಿಸಿಕೊಂಡೇ ಕೂತಿದ್ದೆ. ನಿನ್ನ ದುಪ್ಪಟ್ಟಾ ಆಗ ಅರ್ಥವಾಯಿತು.

ಹುನಗುಂದ ಎಂದರೆ ನಿನಗೆ ಏನು ನೆನಪಾಗುತ್ತದೆ ಎಂದು ಗೊತ್ತು. ಅದನ್ನು ಬಿಟ್ಟು ಬರೆದರೆ ನೀನು ಈ ಕಾಗದವನ್ನು ನಂಬುವುದಿಲ್ಲ. ಮೇ ತಿಂಗಳಲ್ಲಿ ಅಲ್ಲಿಗೆ ನಿನ್ನ ದೊಡ್ಡವ್ವನ ಬಸುರಿ ಮಗಳ ಕುಬಸಕ್ಕೆ ಹೋಗಿದ್ದೆವು. ಗಂಡನ ಹೆಸರು ಹೇಳಿಸುವ ಹೊತ್ತಿಗೆ ಹೆಂಗಸರು ಎಂದಿನಂತೆ ನನ್ನ ಒಡಪುಗಳಿಗೆ ಕಾದಿದ್ದರು. ನಾನು ಒಂದು ಹಾಳೆಯ ತುಂಬ ಬರೆದುಕೊಂಡು ಹೋಗಿದ್ದೆ. ಓದಲು ದನಿ ಬೇಕಲ್ಲ, ನಿನ್ನ ಪಕ್ಕದಲ್ಲೇ ಕೂತಿದ್ದ ನಿನ್ನ ಗೆಳತಿ ಫರಹಾನಾಳ ಕೈಗೆ ಕೊಟ್ಟೆ. ಆಕೆ ಒಂದೊಂದೇ ಓದುತ್ತಿದ್ದಳು, ಬಸುರಿ ನಾಚುತ್ತ ಅದನ್ನೇ ತಿರುಗಿ ಹೇಳುತ್ತಿದ್ದಳು. “ಬಾದಾಮಿ ಗುಡ್ಡದಾಗ ಮಂಗ್ಯಾಗಳ ಕಾಟ, ಮನ್ಯಾಗ ನಮ್ಮ ಮುತ್ತುರಾಜರದ್ದೂ ಅದs ಆಟ.” ಅಳಿಯನೂ ಸೇರಿ ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಆ ಇನ್ನೊಂದು ಬಂತು, “ಎಷ್ಟ ತಿಕ್ಕಿದರೂ ಹೋಗವಲ್ದು ಕೊರಳಾನ ಕರಿ” ಎಂದು ಶುರುವಾಗುವುದು. ಎರಡನೆಯ ಸಾಲು ಬರೆಯುವುದಿಲ್ಲ. ಅದು ಫರಹಾನಾಳೇ ಕಟ್ಟಿ ಸೇರಿಸಿದ್ದು ಎಂದು ಎಲ್ಲರೂ ತಿಳಿದರು. ಮದುವೆಯಾಗದ ಹುಡುಗಿಯ ಕೊರಳಲ್ಲಿ ಕರಿಮಣಿ ಆಗಲೇ ಬಿದ್ದಿದೆ, ಕಟ್ಟುವವನಿಗೆ ಖರ್ಚು ಉಳಿಯಿತು ಎಂಬ ಅರ್ಥ ಬಂದ ಕೂಡಲೇ ಎಪ್ಪತ್ತು ಹೆಂಗಸರು ಒಮ್ಮೆಲೆ ನಿನ್ನ ಕುತ್ತಿಗೆ ನೋಡಿದರು. ಯಾರೋ ಫೋನಿನಲ್ಲಿ ಹಿಡಿದರು, ಸಂಜೆಯೊಳಗೆ ನಿನ್ನ ಸಾಲಿಯ ಗ್ರೂಪಿಗೂ ಅದು ಹೋಯಿತು. ನೀನು ಊಟದ ಎಲೆಗೆ ಕೂರದೆ, ಫರಹಾನಾ ಕೊಟ್ಟಿದ್ದ ಬಳೆ ಕೈಯಿಂದ ತೆಗೆದು ಆಕೆಯ ಮುಂದೆಯೇ ಇಟ್ಟು, ಅತ್ತೆಯ ಗಾಡಿ ಹತ್ತಿ ಕೆರೂರಿಗೆ ಹೋದೆ. ಏಳು ವಾರವಾಯಿತು.

ಆ ಬಳೆಗಳು ಈಗಲೂ ಆಕೆಯ ಹತ್ತಿರವೇ ಇವೆ, ಹಾಕಿಕೊಂಡಿಲ್ಲ. ಅವ್ವ ಮರುವಾರ ಟೇಲರ್ ಅಲ್ಲಾಸಾಬನ ಮನೆಗೆ ಹೋಗಿ ಆಕೆಯ ತಂದೆ ತಾಯಿಯ ಮುಂದೆಯೇ, “ಉಂಡ ಮನಿ ಹುಡುಗಿಗೆ ಹಿಂಗ ಮಾಡಿದ್ಯಲ್ಲ, ಇನ್ನ ನಮ್ಮ ಹೊಸ್ತಲಾ ತುಳೀಬ್ಯಾಡ” ಎಂದು ಬಂದಳು. ಫರಹಾನಾ ಒಂದು ಮಾತೂ ಆಡಲಿಲ್ಲ. ಅಲ್ಲಾಸಾಬ ಮಾತ್ರ ಮಗಳಿಗೆ ಎಲ್ಲರೆದುರು ಒಂದು ಏಟು ಹಾಕಿದ. ಆತ ಹಾಗೆ ಹೊಡೆಯುವವನಲ್ಲ, ನಿನಗೆ ಗೊತ್ತು. ನಿನ್ನ ಯುನಿಫಾರ್ಮ್ ಹೊಲಿಯುವಾಗಲೆಲ್ಲ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಡುತ್ತಿದ್ದ, ಮುಂದೆ ಬಿಚ್ಚಲು ಬರಲಿ ಎಂದು, ಅಳತೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮಗಳ ಕಡೆ ಬೆರಳಲ್ಲಿ ತೋರಿಸಿ ಬರೆಸುತ್ತಿದ್ದ. ಅಂಥವನು. ಈಗ ಓಣಿಯ ಹುಡುಗಿಯರು ಫರಹಾನಾಳ ಜೊತೆ ಸಾಲಿಗೆ ಹೋಗುವುದಿಲ್ಲ. ಆಕೆ ಒಬ್ಬಳೇ ಹೋಗುತ್ತಾಳೆ, ಒಬ್ಬಳೇ ಬರುತ್ತಾಳೆ. ಪ್ರೆಸ್ಸಿನ ಮುಂದೆ ಬಂದಾಗ ನಡಿಗೆ ಸಣ್ಣದಾಗುತ್ತದೆ, ಒಳಗೆ ಬರುವುದಿಲ್ಲ. ನಮ್ಮ ಕೆಲಸದ ಮುಕ್ತಾರ ಕಾಗದ ಕತ್ತರಿಸುವ ಮಶೀನಿನ ಹತ್ತಿರದಿಂದ, “ಕೆರೂರಿಂದ ಸುದ್ದಿ ಬಂದೈತಿ, ಆರಾಮ ಅದಾಳಂತ” ಎಂದು ಗಾಳಿಗೆ ಹೇಳಿದಂತೆ ಹೇಳುತ್ತಾನೆ. ಆಕೆ ಕೇಳಿಸಿಕೊಂಡು ಹೋಗುತ್ತಾಳೆ. ನಾನು ಆ ಹೊತ್ತಿಗೆ ಶಾಯಿಯ ಡಬ್ಬಿ ಹುಡುಕಲು ಬಗ್ಗಿರುತ್ತೇನೆ.

ಕುಬಸದ ನಂತರ ನಾನು ಒಡಪು ಬರೆದಿಲ್ಲ. ಕೇಳಿ ಬಂದವರಿಗೆ ಕಣ್ಣು ನೋವು ಎಂದು ಹೇಳಿ ಕಳಿಸುತ್ತೇನೆ.

ಈಗ ನೀನು ಮಾಡಬೇಕಾದದ್ದು. ಬರುವ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರಬಾಯಿ ಕರೆದಿದ್ದಾರೆ. ನೀನು ಬರದೆ ಗುಳಿಗೆ ಶುರು ಮಾಡುವುದಿಲ್ಲ ಎಂದಿದ್ದಾರೆ. ಉಪವಾಸ ಬೀಳಬಾರದು, ಅದನ್ನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ; ಹಸಿದುಕೊಂಡರೆ ಮೊದಲು ಕರಗುವುದು ಸ್ನಾಯು, ಆ ಸ್ನಾಯುವೇ ನಮಗೆ ಬೇಕಾದದ್ದು. ಯಾಕೆಂದರೆ ನಡೆಯುವಾಗ, ಭಾರ ಎತ್ತುವಾಗ, ಸ್ನಾಯುವಿನ ಮನೆಗಳು ಯಾರೂ ಬಾಗಿಲು ಬಡಿಯದಿದ್ದರೂ ತಾವೇ ತೆರೆದುಕೊಳ್ಳುತ್ತವಂತೆ. ರೊಟ್ಟಿ ತಿನ್ನು, ಪಲ್ಯೆ ಕಾಳು ಹೆಚ್ಚು ತಿನ್ನು, ನಾಯಿಗೆ ಹಾಕಬೇಡ. ಅವ್ವ ಡಾಕ್ಟರಿಗೆ ಗುಟ್ಟಾಗಿ ಹೇಳಿದ ಇನ್ನೊಂದು ವಿಷಯ, ತಿಂಗಳು ತಪ್ಪುವುದು, ಅಪ್ಪ ಬರೆಯುವಂಥದ್ದಲ್ಲ, ಆದರೆ ಅದೂ ಇದೇ ಬೇರಿನದು ಎಂದು ತಿಳಿಸಲು ಅವ್ವ ಹೇಳಿದ್ದಾಳೆ. ಗೆರೆ ಪೂರ್ತಿ ಹೋಗುತ್ತದೆಯೋ ಇಲ್ಲವೋ ಹೇಳಲಾಗದು, ತೆಳುವಾಗಬಹುದು ಎಂದರು. ಲಿವರಿನದು ಈಗಲೇ ಹಿಡಿದರೆ ಇಳಿಯಬಹುದು. ಬಿಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅವರು ಮುತ್ಯಾನ ಕಾಲಿನ ಬಗ್ಗೆ ಬರೆದುಕೊಂಡಿದ್ದ ಚೀಟಿಯನ್ನು ನನ್ನ ಕಡೆ ತಿರುಗಿಸಿದರು.

ಸಾಲಿ ಶುರುವಾಗಿ ಮೂರು ವಾರವಾಯಿತು. ಹತ್ತನೆಯ ಇಯತ್ತೆ. ನೀನು ಈ ಓಣಿಗೆ ಕಾಲಿಡುವುದಿಲ್ಲ, ಅಲ್ಲೇ ಕೆರೂರಿನಲ್ಲಿ ಹೆಸರು ಹಚ್ಚುತ್ತೇನೆ ಎಂದು ಅತ್ತೆಯ ಮುಂದೆ ಹೇಳಿದ್ದೀಯಂತೆ. ಹಚ್ಚು, ಬೇಡ ಎನ್ನುವುದಿಲ್ಲ. ಶುಕ್ರವಾರ ಮಾತ್ರ ಬಾ. ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಒಂಬತ್ತಕ್ಕೆ ನಿಂತಿರುತ್ತೇನೆ. ನನಗೂ ಅವತ್ತೇ ತೋರಿಸಬೇಕಿದೆ. ಇಬ್ಬರ ಚೀಟಿಗೂ ಒಂದೇ ಅಡ್ಡಹೆಸರು ನೋಡಿ ಅಲ್ಲಿನ ಹುಡುಗ, “ಅಪ್ಪಾ ಮಗಳ ಜೋಡಿ ಬರ್ರಿ” ಎಂದಿದ್ದಾನೆ. ಕಾಲರ್ ಇಲ್ಲದ ಅಂಗಿ ಹಾಕಿಕೊಂಡು ಬರುತ್ತೇನೆ. ಅಲ್ಲಾಸಾಬನ ಹತ್ತಿರ ಹೊಲಿಸಲು ಹಾಕಿದ್ದೇನೆ.

ಸಿದ್ದವ್ವ ಅತ್ತೆಗೆ, ಹುಲ್ಲಪ್ಪ ಮಾವನಿಗೆ ನಮಸ್ಕಾರ ಹೇಳು. ಅವ್ವ ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿ ಕೊಟ್ಟಿದ್ದಾಳೆ. ಆಯಿ ದಿನಾ ಬೀರಪ್ಪನ ಮುಂದೆ ನಿನ್ನ ಹೆಸರು ಹೇಳಿ ಭಂಡಾರ ಹಚ್ಚಿಕೊಳ್ಳುತ್ತಾಳೆ, ಅದರದ್ದೊಂದು ಪುಡಿಕೆಯೂ ಇದೆ, ಹಣೆಗೆ ಹಚ್ಚಿಕೋ. ದೇವರು ನಿನ್ನ ಮೈಗೆ ಬಲ ಕೊಡಲಿ, ನಮಗೆ ಬುದ್ಧಿ ಕೊಡಲಿ. ಸಭೆಗೆ ವಂದನೆ.

ನಿನ್ನ ಅಪ್ಪ,
ಸೋಮಲಿಂಗ

ತಾ.ಕ. ಮುಕ್ತಾರ ಕೆರೂರಿಗೆ ಪತ್ರಿಕೆಯ ಗಂಟು ಮುಟ್ಟಿಸಲು ಗಾಡಿ ಚಾಲೂ ಮಾಡಿ ನಿಂತಿದ್ದಾನೆ. ಲಕೋಟೆ ಅಂಟಿಸಿ ಕೊಟ್ಟಿದ್ದೆ, ಇಸಿದುಕೊಂಡು ಹರಿದೆ. ಆ ಒಡಪು ಫರಹಾನಾಳದಲ್ಲ. ನನ್ನದು. ಎಪ್ರಿಲ್‌ನಲ್ಲಿ ಒಂದು ರವಿವಾರ, ಒಳಗೆ ಅವ್ವ ನಿನ್ನ ಕುತ್ತಿಗೆ ತಿಕ್ಕುತ್ತಿದ್ದಾಗ, ಹೊರಗೆ ಬಾಜಿನ ಮೇಲೆ ಕೂತು ಬರೆದೆ. “ಕರಿಮಣಿ ಖರ್ಚ ಉಳೀತು, ವಿದ್ಯಾನ ಅತ್ತಿಗೆ ತಿಳಸು” ಎಂದಿತ್ತು ಮೊದಲು. ಪ್ರಾಸ ಕೂಡಲಿಲ್ಲವೆಂದು ಹೊಡೆದು “ಮಾವಗ ಹೇಳ್ರಿ” ಎಂದು ತಿದ್ದಿದೆ. ಪ್ರೆಸ್ಸಿನಲ್ಲಿ ಓದಿ ನಗಿಸಿದೆ. ಅದೇ ಹಾಳೆಯ ಇನ್ನೊಂದು ಮೈಗೆ ಕುಬಸದ ಒಡಪು ಬರೆದೆ, ಹಿಂದೆ ಇದಿದೆ ಎನ್ನುವುದು ಮರೆತೇ ಹೋಗಿತ್ತು. ಆಕೆ ಹಾಳೆ ಮಗುಚಿ ಓದುತ್ತ ಹೋದಳು, ನಿನ್ನ ಹೆಸರು ಬಾಯಿಗೆ ಬಂದ ಮೇಲೆ ಆಕೆಗೆ ತಿಳಿಯಿತು. ಹಾಳೆ ಇದರೊಳಗೆ ಇಟ್ಟಿದ್ದೇನೆ, ಅಕ್ಷರ ನೋಡು. ಮರುದಿನ ಅದನ್ನು ನನ್ನ ಕೈಗೆ ತಂದುಕೊಟ್ಟು ಆಕೆ ಹೇಳಿದಳು: “ಕಾಕಾ, ನಾ ಬರದೇನಿ ಅಂತ ಮಂದಿ ತಿಳಕೊಳ್ಳಲಿ ಬಿಡ್ರಿ. ನಾ ಹ್ವಾದ್ರ ಆಕಿಗೆ ಇನ್ನೊಬ್ಬಾಕಿ ಗೆಳತಿ ಸಿಗ್ತಾಳ.”

ನಾನು ಹೂಂ ಅಂದೆ.